ಕಲ್ಲಮ್ಮನ ಹದಿಮೂರು ಮೊಟ್ಟೆ

ಮಾದೇವಣ್ಣ ಟೀ ಲೋಟ ಬಂದ ಕೂಡಲೇ ಕುಡಿಯುವವರಲ್ಲ. ಮೇಜಿನ ಮೇಲೆ ಇಡಿಸಿಕೊಂಡು, ಲೋಟವನ್ನು ಅರ್ಧ ಸುತ್ತು ತಿರುಗಿಸಿ, ಆಮೇಲೆ ಎತ್ತಿಕೊಳ್ಳುತ್ತಾರೆ. ತಟ್ಟೆಗೆ ಇಡ್ಲಿ ಬಿದ್ದರೆ ಇಡ್ಲಿಯನ್ನೂ ತಿರುಗಿಸುತ್ತಾರೆ. ಬೈಕಿನ ಟ್ಯಾಂಕಿನ ಮೇಲೆ ಹೆಲ್ಮೆಟ್ ಇಟ್ಟರೆ ಅದಕ್ಕೂ ಅರ್ಧ ಸುತ್ತು. ಯಾಕಣ್ಣ ಹೀಗೆ ಮಾಡ್ತೀರಿ ಎಂದರೆ, ಏನು ಮಾಡಿದೆ ಎಂದು ನಮ್ಮನ್ನೇ ಕೇಳುತ್ತಾರೆ. ಅವರಿಗೆ ಗೊತ್ತೇ ಆಗುವುದಿಲ್ಲ. ಇಪ್ಪತ್ತೆಂಟು ವರ್ಷ ಕೋಳಿ ಮೊಟ್ಟೆ ತಿರುಗಿಸಿದ ಕೈ ಅದು.

ನಾನು ಗುರುಪ್ರಕಾಶ್. ಹನ್ನೊಂದು ವರ್ಷದಿಂದ ಅವರ ಬೈಕಿನ ಹಿಂದಿನ ಸೀಟು ನನ್ನದು. ಇಬ್ಬರ ಮನೆಯೂ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಒಂದೇ ಬೀದಿ. ಇಬ್ಬರ ಕೆಲಸವೂ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಹ್ಯಾಚರಿಯಲ್ಲಿ. ಕೋಳಿ ಮೊಟ್ಟೆಗೆ ಮಿಷಿನ್ನಿನಲ್ಲಿ ಕಾವು ಕೊಟ್ಟು ಮರಿ ಮಾಡಿ ಕಳಿಸುವ ಜಾಗ ಅದು. ನಾನು ಆಫೀಸಿನಲ್ಲಿ ಕೂತು ಚಲನ್ ಬರೆಯುತ್ತೇನೆ. ಅವರದು ಕಾವಿನ ಕೋಣೆ. ಹಿಂದಿನ ಸೀಟಿನವನಿಗೆ ಒಬ್ಬ ಮನುಷ್ಯನ ಬಗ್ಗೆ ಏನು ಗೊತ್ತಿರುತ್ತದೆ ಎಂದು ಕೇಳಬೇಡಿ. ಕತ್ತು ಗೊತ್ತಿರುತ್ತದೆ. ಹೋಗುವಾಗ ನೆಟ್ಟಗಿದ್ದ ಕತ್ತು ಬರುವಾಗ ಎಷ್ಟು ಬಾಗಿರುತ್ತದೆ ಎಂಬುದು ನನಗೆ ಗೊತ್ತಿರುವಷ್ಟು ಅವರಿಗೂ ಗೊತ್ತಿಲ್ಲ.

ಅವರು ಕೆಲಸಕ್ಕೆ ಸೇರಿದಾಗ ಮಿಷಿನ್ನುಗಳು ಹಳೆಯವು. ಗಂಟೆಗೊಂದು ಸಲ ಲಿವರ್ ಎಳೆದು ಮೊಟ್ಟೆಯ ಟ್ರೇಗಳನ್ನು ಆ ಕಡೆಯಿಂದ ಈ ಕಡೆಗೆ ವಾಲಿಸಬೇಕು. ವಾಲಿಸದಿದ್ದರೆ ಒಳಗಿನ ಮರಿ ಚಿಪ್ಪಿಗೆ ಅಂಟಿಕೊಂಡು ಸತ್ತುಹೋಗುತ್ತದೆ. ಈಗ ಎಲ್ಲವೂ ತಾವಾಗಿಯೇ ತಿರುಗುತ್ತವೆ, ಬೋರ್ಡಿನಲ್ಲಿ ಕೆಂಪು ಅಂಕಿ ಹೊಳೆಯುತ್ತದೆ. ಆದರೂ ಮಾದೇವಣ್ಣ ಕೋಣೆಯೊಳಗೆ ಹೋದರೆ ಅಲ್ಲೊಂದು ಇಲ್ಲೊಂದು ಮೊಟ್ಟೆ ಮುಟ್ಟಿ ತಿರುಗಿಸದೆ ಬರುವುದಿಲ್ಲ. ಮಿಷಿನ್ನಿನ ಮೇಲೆ ನಂಬಿಕೆ ಇಲ್ಲ ಎಂದಲ್ಲ. ಕೈ ಸುಮ್ಮನಿರುವುದಿಲ್ಲ, ಅಷ್ಟೇ.

ಸೋಮವಾರ ನಮ್ಮಲ್ಲಿ ಮರಿ ತೆಗೆಯುವ ದಿನ. ಬೆಳಗಿನ ಜಾವ ನಾಲ್ಕೂವರೆಗೇ ಹೊರಡಬೇಕು. ಇಪ್ಪತ್ತೊಂದನೆಯ ದಿನಕ್ಕೆ ಬಾಗಿಲು ತೆಗೆಯುತ್ತಾರೆ, ಒಳಗಿನ ಹಳದಿ ಗದ್ದಲ ಹೊರಗೆ ಬರುತ್ತದೆ. ನಮ್ಮದು ಮೊಟ್ಟೆ ಕೋಳಿಯ ತಳಿ. ಹೆಣ್ಣು ಮರಿಗಳು ಪೆಟ್ಟಿಗೆ ಸೇರಿ ಲಾರಿ ಹತ್ತುತ್ತವೆ. ಗಂಡು ಮರಿಗಳು ಯಾರಿಗೂ ಬೇಡ. ಅವು ಹುಟ್ಟಿದ ದಿನವೇ ನೀಲಿ ಡ್ರಮ್ಮಿಗೆ ಹೋಗುತ್ತವೆ. ಅವುಗಳ ಹಿಂದೆ ತಡವಾಗಿ ಒಡೆದವು, ಕಾಲು ಸೊಟ್ಟಗಿದ್ದವು, ಹೊತ್ತಿಗೆ ಸರಿಯಾಗಿ ಹೊರಗೆ ಬರದ ಮೊಟ್ಟೆಗಳು. ಚಲನ್ನಿನಲ್ಲಿ ಅವಕ್ಕೆಲ್ಲ ನಾನು ಒಂದೇ ಪದ ಬರೆಯುತ್ತೇನೆ, ‘ಕಲ್ಸ್’, ಅಂದರೆ ಆರಿಸಿ ಎಸೆದವು. ಬರೆಯುವವನಿಗೆ ಸುಲಭ. ಡ್ರಮ್ಮಿನ ಮುಚ್ಚಳ ಹಾಕುವವರು ಮಾದೇವಣ್ಣ.

ಮಠಕ್ಕೆ ನಡೆದುಕೊಳ್ಳುವ ಮನೆಯ ಮನುಷ್ಯ. ಮೊಟ್ಟೆ ತಿನ್ನುವುದಿರಲಿ, ಅದರ ಹೆಸರನ್ನೂ ಮನೆಯಲ್ಲಿ ಎತ್ತುವಂತಿಲ್ಲ. ಅವರ ತಾಯಿ ಸರ್ವಮಂಗಳಮ್ಮ, ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಕಡೆಯವರು, ಎಂಬತ್ತು ದಾಟಿದ ಹೆಂಗಸು. ಮಗ ಹ್ಯಾಚರಿಯಿಂದ ಬಂದರೆ ಹಿತ್ತಲ ಬಾಗಿಲಿನಿಂದಲೇ ಬಚ್ಚಲಿಗೆ ಹೋಗಬೇಕು. ಸ್ನಾನವಾಗಿ ಹಣೆಗೆ ವಿಭೂತಿ ಬಿದ್ದಮೇಲೆಯೇ ಅವನು ಅವರ ಮಗ. ಮಾದೇವಣ್ಣನ ಹೆಂಡತಿ ತೀರಿಕೊಂಡು ಎಂಟು ವರ್ಷವಾಯಿತು. ಮಗಳು ಪಲ್ಲವಿ ಗುಬ್ಬಿಯಲ್ಲಿ ಸ್ಕೂಲ್ ಟೀಚರು, ಅಲ್ಲೇ ಗಂಡನ ಮನೆ, ತಿಂಗಳಿಗೊಮ್ಮೆ ಬಂದು ಅಪ್ಪನನ್ನೂ ಅಜ್ಜಿಯನ್ನೂ ಚೆನ್ನಾಗಿ ಬೈದು ಹೋಗುತ್ತಾಳೆ.

ಈ ಮನೆಗೆ ಆಮೆಗಳು ಬಂದದ್ದು ಅವರು ಬೇಕೆಂದು ಕೇಳಿದ್ದರಿಂದಲ್ಲ. ಕುಣಿಗಲ್ಲಿನ ಅನಂತರಾಜು ಎಂಬವರು ನಮ್ಮ ಹ್ಯಾಚರಿಗೆ ಔಷಧಿ ತಂದುಕೊಡುತ್ತಿದ್ದರು. ಮನೆ ತುಂಬ ಮೀನು, ಗಿಣಿ, ಆಮೆ ಸಾಕಿಕೊಂಡಿದ್ದ ಹುಚ್ಚು ಮನುಷ್ಯ. ಮಂಡಿ ಆಪರೇಶನ್ ಆಗಿ, ಅಂಗಳವಿದ್ದ ಮನೆ ಬಿಟ್ಟು ಅಪಾರ್ಟ್‌ಮೆಂಟ್ ಸೇರಬೇಕಾಗಿ ಬಂದಾಗ, ಎರಡು ಆಮೆಗಳನ್ನು ಓಮ್ನಿಯಲ್ಲಿ ಹಾಕಿಕೊಂಡು ನೇರ ಉಪ್ಪಾರಹಳ್ಳಿಗೆ ಬಂದರು.

“ಮಾದೇವಯ್ಯೋರೇ, ನಿಮ್ ಹಿತ್ಲು ದೊಡ್ಡದೈತೆ. ಇವು ಹುಲ್ಲು ತಿನ್ಕೊಂಡು ಬಿದ್ದಿರ್ತವೆ. ಏನೂ ಕಾಟ ಇಲ್ಲ.”

ಬೇಡ ಎನ್ನುವ ಮಾತು ಮಾದೇವಣ್ಣನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಅವತ್ತೂ ಬರಲಿಲ್ಲ. ಒಂದೊಂದೂ ರಾಗಿ ಮೊರದಷ್ಟು ಅಗಲದ, ಮಣ್ಣು ಬಣ್ಣದ ಆಫ್ರಿಕಾದ ಆಮೆಗಳು. ನಮ್ಮ ಕಡೆಯ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ ಪೊಲೀಸರು ಬರುತ್ತಾರೆ. ಇವು ಹಾಗಲ್ಲ, ಸರ್ಕಾರಕ್ಕೆ ತಿಳಿಸಿ ಬರೆಸಿಕೊಂಡಿರಬೇಕು. ಆ ಕಾಗದವನ್ನು ಮಾದೇವಣ್ಣ ಲ್ಯಾಮಿನೇಶನ್ ಮಾಡಿಸಿ ಗೇಟಿನ ಒಳಗೆ ನೇತುಹಾಕಿದರು. ಬೀದಿಯಲ್ಲಿ ಹೋಗುವ ಪ್ರತಿಯೊಬ್ಬನೂ ನಿಂತು, ‘ನಕ್ಷತ್ರ ಆಮೆ ಅಲ್ಲ ತಾನೆ’ ಎಂದು ಕೇಳಿ ಅವರ ಜೀವ ತಿಂದಿದ್ದು ಸಾಲದೆ?

ಸರ್ವಮಂಗಳಮ್ಮ ಮೂರು ದಿನ ಮಗನ ಹತ್ತಿರ ಮಾತು ಬಿಟ್ಟರು. ಆಮೆ ಬಂದ ಮನೆ ಏಳಿಗೆಯಾಗುವುದಿಲ್ಲ ಎಂದು ಅವರ ನಂಬಿಕೆ. ನಾಲ್ಕನೆಯ ದಿನ, ಶಿವನ ಗುಡಿಯಲ್ಲಿ ನಂದಿಯ ಮುಂದೆ ನೆಲಕ್ಕೆ ಆಮೆ ಕೆತ್ತಿದ್ದನ್ನು ಎಲ್ಲೋ ಕಂಡದ್ದು ನೆನಪಾಗಿ, ತಾವೇ ಹಿತ್ತಲಿಗೆ ಹೋಗಿ ಒಂದು ಹಿಡಿ ನುಗ್ಗೆ ಸೊಪ್ಪು ಹಾಕಿ ಬಂದರು. ಗಂಡಿಗೆ ಕಲ್ಲಯ್ಯ, ಹೆಣ್ಣಿಗೆ ಕಲ್ಲಮ್ಮ ಎಂದು ಹೆಸರಿಟ್ಟವರೂ ಅವರೇ. “ಕಲ್ಲಿನ್ ಥರ ಕುಂತಿರ್ತವೆ, ಇನ್ನೇನ್ ಹೆಸ್ರಿಡ್ಲಿ?”

ಹಿತ್ತಲಲ್ಲಿ ಎರಡು ವರ್ಷ ಸುಮ್ಮನಿದ್ದ ಕಲ್ಲಮ್ಮ ಒಂದು ಕಾರ್ತಿಕ ಮಾಸದ ಸಂಜೆ ದಾಸವಾಳದ ಬುಡದಲ್ಲಿ ಹಿಂಗಾಲಿನಿಂದ ಗುಂಡಿ ತೋಡಿ ಹದಿನಾಲ್ಕು ಮೊಟ್ಟೆ ಇಟ್ಟಳು. ಬೆಳ್ಳಗೆ, ದುಂಡಗೆ, ಟೇಬಲ್ ಟೆನ್ನಿಸ್ ಚೆಂಡಿನಷ್ಟು. ಮಾದೇವಣ್ಣ ಅವತ್ತು ನನ್ನ ಮನೆಯವರೆಗೂ ಬಂದು ಹೇಳಿದರು. ಕೆಲಸದ ಮಾತು ಬಿಟ್ಟರೆ ಬೇರೆ ವಿಷಯಕ್ಕೆ ಅವರು ನಮ್ಮ ಮನೆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

“ಗುರು, ಇವು ಗಂಡೋ ಹೆಣ್ಣೋ ಅಂತ ಹುಟ್ದಾಗ ಗೊತ್ತಾಗಲ್ವಂತೆ ಕಣಯ್ಯ. ಅನಂತರಾಜು ಹೇಳಿದ್ರು. ಎಷ್ಟೋ ವರ್ಷ ಬೇಕಂತೆ.”

“ಅದ್ರಲ್ಲೇನಣ್ಣ ವಿಶೇಷ?”

“ಆರ್ಸಕ್ಕೆ ಆಗಲ್ವಲ್ಲಯ್ಯ ಯಾರಿಗೂ. ಹುಟ್ಟಿದ್ದೆಲ್ಲಾ ಇರ್ತವೆ.”

ಆಮೇಲೆ ತಲೆ ತಗ್ಗಿಸಿಕೊಂಡು, ನನಗಲ್ಲ, ಮೆಟ್ಟಿಲಿಗೆ ಹೇಳಿದರು: “ಒಂದ್ ಸಲ, ಒಂದೇ ಒಂದ್ ಸಲ, ಒಂದೂ ಎಸೀದೇ ಇರೋ ಹ್ಯಾಚ್ ನೋಡ್ಬೇಕು. ರಿಟೈರ್ ಆಗೋದ್ರೊಳಗೆ.”

ಅಷ್ಟೇ ಅವರ ಆಸೆ. ಇದಕ್ಕಿಂತ ದೊಡ್ಡದೇನನ್ನೂ ಆ ಮನುಷ್ಯ ದೇವರಲ್ಲಿಯೂ ಕೇಳಿರಲಿಕ್ಕಿಲ್ಲ.

ಮೊಟ್ಟೆಯ ವಿಷಯದಲ್ಲಿ ತಮಗೆ ಗೊತ್ತಿಲ್ಲದ್ದೇನಿದೆ ಎಂದು ಅವರ ಎಣಿಕೆ. ಕಾವು ಎಷ್ಟಿರಬೇಕು ಎಂದು ಮಾತ್ರ ಅನಂತರಾಜುವನ್ನು ಕೇಳಿದರು. ಮೂವತ್ತು ಡಿಗ್ರಿ ಎಂದರು ಅವರು. ಹ್ಯಾಚರಿಯ ಗುಜರಿಯಿಂದ ಒಂದು ಥರ್ಮೋಸ್ಟಾಟ್ ತಂದು, ಥರ್ಮೋಕೋಲ್ ಡಬ್ಬಕ್ಕೆ ಬಲ್ಬು ಕಟ್ಟಿ, ಪಲ್ಲವಿ ಗುಬ್ಬಿಯಿಂದ ತಂದುಕೊಟ್ಟ ತೆಂಗಿನ ನಾರಿನ ಪುಡಿ ಹರಡಿ, ಅದರಲ್ಲಿ ಅರ್ಧ ಹೂತ ಹಾಗೆ ಮೊಟ್ಟೆಗಳನ್ನಿಟ್ಟರು. ಹಿತ್ತಲ ಶೀಟಿನ ಕೋಣೆಯಲ್ಲಿ, ಏಕೆಂದರೆ ಮೊಟ್ಟೆ ಮನೆಯೊಳಗೆ ಬರುವಂತಿಲ್ಲ. ಆಮೇಲೆ ದಿನಕ್ಕೆ ಮೂರು ಸಲ, ಫೋನಿನಲ್ಲಿ ಅಲಾರಂ ಇಟ್ಟುಕೊಂಡು, ಒಂದೊಂದನ್ನೂ ಅಕ್ಕರೆಯಿಂದ ತಿರುಗಿಸಿದರು. ಮೂರು ತಿಂಗಳು ತಿರುಗಿಸಿದರು. ನಾಲ್ಕನೆಯ ತಿಂಗಳಲ್ಲಿ ಡಬ್ಬ ವಾಸನೆ ಬಂತು.

ಅನಂತರಾಜು ಫೋನಿನಲ್ಲಿ ಮೊದಲು ನಕ್ಕರು. ಆಮೇಲೆ ನಗು ನಿಂತಿತು. “ಅಯ್ಯೋ, ತಿರುಗ್ಸಿದ್ರಾ? ಆಮೆ ಮೊಟ್ಟೆ ಇಟ್ಟ ದಿಕ್ಕಲ್ಲೇ ಇರ್ಬೇಕು ಮಾದೇವಯ್ಯೋರೇ. ಮರಿ ಮೇಲ್ಗಡೆ ಚಿಪ್ಪಿಗೆ ಅಂಟ್ಕೊಂಡೇ ಬೆಳೆಯೋದು. ಮಗುಚಿದ್ರೆ ಮುಗೀತು. ತಿರುಗ್ಸಬೇಡಿ ಅಂತ ನಾನು ಹೇಳ್ಲಿಲ್ಲ, ನಿಜ. ತಿರುಗಿಸ್ತಾರೆ ಅಂತ ಯಾರು ಅನ್ಕೋತಾರೆ?”

ಕೋಳಿಯನ್ನು ಬದುಕಿಸುವ ಕೈ ಆಮೆಯನ್ನು ಕೊಲ್ಲುತ್ತದೆ ಎಂದು ಮಾದೇವಣ್ಣನಿಗೆ ಐವತ್ತೈದರ ಹತ್ತಿರ ಗೊತ್ತಾಯಿತು.

ಮರುವರ್ಷ ಕಲ್ಲಮ್ಮ ಮತ್ತೆ ಇಟ್ಟಳು, ಹನ್ನೊಂದು. ಈ ಸಲ ಗೊತ್ತಿತ್ತು. ಗೊತ್ತಿದ್ದು ಏನಾಯಿತು? ಒಂದು ಸಂಜೆ ಶಿಫ್ಟ್ ಮುಗಿಸಿ ಬಂದು, ಥರ್ಮಾಮೀಟರ್ ನೋಡಲೆಂದು ಮುಚ್ಚಳ ತೆಗೆದರು. ನಾನು ಪಕ್ಕದಲ್ಲೇ ನಿಂತು ಪೇಮೆಂಟು ತಡವಾಗಿದ್ದಕ್ಕೆ ಮ್ಯಾನೇಜರನ್ನು ಬೈಯುತ್ತಿದ್ದೆ. ಅವರೂ ಹೂಂ ಹೂಂ ಅನ್ನುತ್ತಿದ್ದರು. ನೋಡಿದರೆ ಬೆರಳು ತಾನಾಗಿಯೇ ಒಂದು, ಎರಡು, ಮೂರು ಮೊಟ್ಟೆ ತಿರುಗಿಸಿಬಿಟ್ಟಿದೆ.

“ಅಣ್ಣಾ!” ಎಂದು ಕಿರುಚಿದೆ.

ಬೆಂಕಿ ಮುಟ್ಟಿದವರಂತೆ ಕೈ ಎಳೆದುಕೊಂಡರು. ಅದಕ್ಕೂ ಮೊದಲು ಹೀಗೆ ಎಷ್ಟು ಸಲ ಆಗಿತ್ತೋ, ಅವರಿಗೂ ಗೊತ್ತಿಲ್ಲ, ಆ ಕೈಗೂ ಗೊತ್ತಿಲ್ಲ. ಜನವರಿಯ ಚಳಿಯಲ್ಲಿ ಶೀಟಿನ ಕೋಣೆ ತಣ್ಣಗಾಗಿ, ಕರೆಂಟು ಹೋಗಿ, ಉಳಿದದ್ದೂ ಕೆಟ್ಟಿತು. ಆ ಹನ್ನೊಂದನ್ನೂ ಹೂಳಿದರು.

ಮೂರನೆಯ ಸಲ, ಹೋದ ಕಾರ್ತಿಕದಲ್ಲಿ, ಹದಿಮೂರು. ಅಗೆದು ತೆಗೆಯುವಾಗ ನಾನೂ ಇದ್ದೆ. ಹದಿಮೂರರಲ್ಲಿ ಒಂದಕ್ಕೆ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು. ಕಲ್ಲಮ್ಮನ ಉಗುರು ತಾಗಿತ್ತೋ, ಒಂದರ ಮೇಲೊಂದು ಬಿದ್ದಿತ್ತೋ. ನಮ್ಮ ಹ್ಯಾಚರಿಯಲ್ಲಿ ಮೊಟ್ಟೆ ಇಳಿದ ಕೂಡಲೇ ಮಾಡುವ ಮೊದಲ ಕೆಲಸ ಬಿರುಕು ಬಿಟ್ಟದ್ದನ್ನು ಆಚೆ ಎತ್ತಿಡುವುದು. ನನ್ನ ಕೈಯೂ ಅಭ್ಯಾಸದಂತೆ ಅದನ್ನು ಬೇರೆ ಇಡಲು ಹೋಯಿತು. ಮಾದೇವಣ್ಣ ತಡೆದರು.

“ಬೇಡ. ಇಲ್ಲಿ ಆರ್ಸೋದಿಲ್ಲ.”

ಮೊಂಬತ್ತಿ ಹಚ್ಚಿ, ಬಿರುಕಿನ ಮೇಲೆ ತೆಳ್ಳಗೆ ಮೇಣ ಬಿಟ್ಟರು.

ಈ ಸಲ ಡಬ್ಬ ಮನೆಯೊಳಗೇ ಇರಬೇಕು ಎಂದು ಅವರು ತೀರ್ಮಾನಿಸಿದ್ದರು. ದೇವರ ಮನೆಯ ಗೋಡೆಗೆ ಒತ್ತಿಕೊಂಡ ಮೂಲೆ ಬೆಚ್ಚಗಿರುತ್ತದೆ, ಅಲ್ಲಿ ಯುಪಿಎಸ್ ಲೈನೂ ಇದೆ. ಆದರೆ ಮೊಟ್ಟೆ ಒಳಗೆ ಬರಲು ತಾಯಿ ಒಪ್ಪಬೇಕಲ್ಲ. ಜೊತೆಗೆ ಈ ಕೈಯನ್ನು ಯಾರು ಕಾಯುವುದು? ಎರಡಕ್ಕೂ ಸೇರಿ ಅವರು ಒಂದು ಉಪಾಯ ಹುಡುಕಿದರು. ಜಾಣತನದ ಉಪಾಯ. ನಾನೂ ಭೇಷ್ ಎಂದಿದ್ದೆ, ಈಗ ನೆನೆದರೆ ನನ್ನ ನಾಲಿಗೆ ಕಡಿದುಕೊಳ್ಳಬೇಕು ಅನ್ನಿಸುತ್ತದೆ.

“ಅವ್ವ, ಇವಕ್ಕೆ ನಿನ್ ಕೈಯಾರೆ ವಿಭೂತಿ ಇಡು. ವಿಭೂತಿ ಬಿದ್ಮೇಲೆ ಮೈಲಿಗೆ ಎಲ್ಲೀದು? ಅದ್ನ ನೋಡಿದ್ರೆ ನನ್ ಕೈಯೂ ಸುಮ್ಕಿರ್ತದೆ.”

ಸರ್ವಮಂಗಳಮ್ಮ ಡಬ್ಬದ ಮುಂದೆ ಮಣೆ ಹಾಕಿಕೊಂಡು ಕೂತು ಬಹಳ ಹೊತ್ತು ನೋಡಿದರು. ಅಷ್ಟು ಬೆಳ್ಳಗೆ, ಅಷ್ಟು ದುಂಡಗೆ ಇದ್ದವು ಅವು. ಆಮೇಲೆ ವಿಭೂತಿ ಗಟ್ಟಿ ತೇದು, ಒಂದೊಂದರ ನೆತ್ತಿಗೂ ಮೂರು ಗೆರೆ ಎಳೆದರು. ಬಿರುಕು ಬಿಟ್ಟದ್ದರ ಹತ್ತಿರ ಬಂದಾಗ ಕೈ ಹಿಂದಕ್ಕೆ ತೆಗೆದುಕೊಂಡರು.

“ಇದು ಒಡ್ದೈತೆ ಕಣಪ್ಪ. ಒಡ್ದಿರೋದಕ್ಕೆ ಇಡ್ಬಾರ್ದು.”

“ಬುಡು ಅವ್ವ, ಅದಕ್ಕೆ ನಾನು ಪೆನ್ಸಿಲಲ್ಲಿ ಗೆರೆ ಎಳಿತೀನಿ,” ಎಂದರು ಮಾದೇವಣ್ಣ. ಎಳೆದರು. ಆಮೇಲೆ ತಾಯಿಗೆ ತಿಳಿಸಿ ಹೇಳಿದರು: “ಈ ಗುರ್ತು ಯಾವಾಗ್ಲೂ ಮೇಲ್ಗಡೆ ಕಾಣ್ತಾ ಇರ್ಬೇಕು ಅವ್ವ. ಕಾಣ್ಲಿಲ್ಲ ಅಂದ್ರೆ ಇವು ಉಳಿಯಲ್ಲ.”

“ಆಯ್ತಪ್ಪ,” ಎಂದರು ಸರ್ವಮಂಗಳಮ್ಮ.

ಅಂದಿನಿಂದ ಮಾದೇವಣ್ಣ ಡಬ್ಬದೊಳಗೆ ಕೈ ಹಾಕಲಿಲ್ಲ. ಮುಚ್ಚಳಕ್ಕೆ ಒಂದು ಗಾಜಿನ ತುಂಡು ಕೂರಿಸಿ, ಅದರ ಮೂಲಕ ನೋಡುತ್ತಿದ್ದರು. ನೋಡುವಾಗ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು, ಪ್ರಿನ್ಸಿಪಾಲರ ಎದುರು ನಿಂತ ಹುಡುಗನ ಹಾಗೆ. ನಾನು ನಗುತ್ತಿದ್ದೆ. ಹನ್ನೆರಡು ಮೊಟ್ಟೆಯ ನೆತ್ತಿಯಲ್ಲೂ ವಿಭೂತಿ ಹಾಗೆಯೇ ಇರುತ್ತಿತ್ತು. ಒಂದರದ್ದೂ ಪಕ್ಕಕ್ಕೆ ಸರಿದಿಲ್ಲ, ಒಂದರದ್ದೂ ಮಾಸಿಲ್ಲ. ಅಷ್ಟು ತೇವದಲ್ಲಿ ಹೇಗೆ ಮಾಸಲಿಲ್ಲ ಎಂದು ನನಗೊಂದು ಸಲ ಅನ್ನಿಸಿತು. ಅನ್ನಿಸಿದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಆ ಮನುಷ್ಯ ನೆಮ್ಮದಿಯಾಗಿದ್ದರು, ಅದನ್ನೇಕೆ ಕೆಡಿಸಲಿ ಎಂದು.

ಸಂಕ್ರಾಂತಿಯ ಹಿಂದಿನ ವಾರ ಕಲ್ಲಮ್ಮ ಮೇವು ಬಿಟ್ಟಳು. ದಾಸವಾಳದ ಎಲೆ ಹಾಕಿದರೂ ತಲೆ ಹೊರಗೆ ಚಾಚಲಿಲ್ಲ. ಪಶುವೈದ್ಯರು ಬಂದು ನೋಡಿ, ಮೊಟ್ಟೆ ಇಟ್ಟಾಗಲೇ ಒಳಗೆ ಏನೋ ಹೆಚ್ಚುಕಡಿಮೆ ಆಗಿರಬೇಕು ಎಂದರು. ಇಂಜೆಕ್ಷನ್ ಆಯಿತು, ಬಿಸಿಲಿಗೆ ಇಟ್ಟದ್ದಾಯಿತು. ಎಳ್ಳು ಬೀರುವ ದಿನ ಬೆಳಿಗ್ಗೆ ದಾಸವಾಳದ ಬುಡದಲ್ಲಿ ಕಲ್ಲಿನ ಹಾಗೆಯೇ ಕೂತಿದ್ದಳು. ಮುಟ್ಟಿದಾಗ ಗೊತ್ತಾಯಿತು. ಅವಳು ಗುಂಡಿ ತೋಡಿದ ಜಾಗದಲ್ಲೇ ದೊಡ್ಡ ಗುಂಡಿ ತೋಡಿ ಹೂಳಿದೆವು. ಕಲ್ಲಯ್ಯ ಎರಡು ದಿನ ಆ ಮಣ್ಣಿನ ಸುತ್ತ ತಿರುಗಿದ. ಮಣ್ಣು ಹೊಸದಾಗಿ ಮೆತ್ತಗಿತ್ತು, ಅದಕ್ಕೂ ಇರಬಹುದು.

ಮಾದೇವಣ್ಣ ಅಳಲಿಲ್ಲ. ಕೈ ತೊಳೆದುಕೊಂಡು ಬಂದು ಡಬ್ಬದ ಗಾಜಿನಿಂದ ಒಳಗೆ ನೋಡಿದರು.

“ಇನ್ನು ಇಷ್ಟೇ ಗುರು,” ಎಂದರು.

ಅಲ್ಲಿಂದ ಮುಂದೆ ಅವರ ಕತ್ತು ಹೋಗುವಾಗಲೂ ಬಾಗಿಯೇ ಇರುತ್ತಿತ್ತು. ಸೋಮವಾರಗಳು ಉದ್ದವಾದವು. ಮಂಡಿ ಹಿಡಿಯುತ್ತಿತ್ತು, ಮರಿಗಳ ಧೂಳಿಗೆ ಕೆಮ್ಮು. ಡ್ರಮ್ಮಿನ ಮುಚ್ಚಳ ಹಾಕಿ ಬಂದು ಕ್ಯಾಂಟೀನಿನಲ್ಲಿ ಕೂತರೆ ಲೋಟ ತಿರುಗಿಸುವುದಕ್ಕೂ ತ್ರಾಣವಿಲ್ಲದಂತೆ ಕೂರುತ್ತಿದ್ದರು. ಆದರೂ ಲೋಟ ತಿರುಗುತ್ತಿತ್ತು. ಬಾಯಲ್ಲಿ ಒಂದೇ ಮಾತು, ಇವತ್ತಿಗೆ ಎಪ್ಪತ್ತು ದಿನ, ಇವತ್ತಿಗೆ ತೊಂಬತ್ತು.

ಶಿವರಾತ್ರಿ ಕಳೆದ ನಾಲ್ಕನೆಯ ದಿನ, ಭಾನುವಾರ ಮಧ್ಯಾಹ್ನ, ಫೋನು ಬಂತು. “ಬಾ” ಎಂದರು, ಇಟ್ಟರು. ಊಟದ ಕೈ ತೊಳೆದು ಓಡಿದೆ.

ಪೆನ್ಸಿಲ್ ಗೆರೆಯ ಮೊಟ್ಟೆ ಒಡೆದಿತ್ತು. ಮೇಣ ಮೆತ್ತಿದ್ದ ಬಿರುಕಿನ ಪಕ್ಕದಲ್ಲೇ ತೂತು. ತೂತಿನಲ್ಲಿ ಒಂದು ಮೂತಿ, ಸಾಸಿವೆ ಕಾಳಿನಂಥ ಕಣ್ಣು. ಹ್ಯಾಚರಿಯಲ್ಲಾದರೆ ಚಿಪ್ಪನ್ನು ಚಿಟುಕಿಸಿ ಎಳೆದುಬಿಡುತ್ತೇವೆ. ಇಲ್ಲಿ ಎಳೆಯುವಂತಿಲ್ಲ, ಹೊಟ್ಟೆಯ ಕೆಳಗಿನ ಹಳದಿ ಚೀಲ ಒಳಕ್ಕೆ ಹೀರಿಕೊಳ್ಳುವ ತನಕ ಅದು ಚಿಪ್ಪಿನಲ್ಲೇ ಇರಬೇಕು. ಮಾದೇವಣ್ಣ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಎರಡು ದಿನ ರಜೆ ಹಾಕಿ ಹಾಗೆಯೇ ಕೂತರು. ಸೋಮವಾರ ಬೆಳಿಗ್ಗೆ ಸರ್ವಮಂಗಳಮ್ಮ ಪೂಜೆ ಮುಗಿಸಿ ಬಂದು ನೋಡಿ, ಮರಿ ಬರುವ ಹೊತ್ತಿನಲ್ಲಿ ಯಾಕೆ ಎಂದು ಹಿಂದಕ್ಕೆ ಹೋದರಂತೆ. ಯಾಕೆ ಬಂದಿದ್ದರು ಎಂದು ಆಗ ಯಾರೂ ಕೇಳಲಿಲ್ಲ. ಮಂಗಳವಾರ ಸಂಜೆ ಮರಿ ಹೊರಗೆ ಬಂದು, ನಾರಿನ ಪುಡಿಯ ಮೇಲೆ ನಾಲ್ಕು ಹೆಜ್ಜೆ ಇಟ್ಟು ಮಲಗಿತು. ಮಾದೇವಣ್ಣ ನನ್ನ ಭುಜ ಹಿಡಿದುಕೊಂಡರು. ಹಿಡಿತ ನೋವಾಗುವಷ್ಟಿತ್ತು.

“ಒಂದು ಬಂತು. ಉಳ್ದವೂ ಬರ್ತವೆ. ಇದು ಒಡ್ದಿದ್ದೇ ಬಂದೈತೆ ಅಂದ್ಮೇಲೆ ಅವು ಬರ್ದೇ ಇರ್ತವಾ?”

ಎರಡು ವಾರ ಕಾದರು. ಯಾವುದೂ ಬರಲಿಲ್ಲ. ಆಮೆಗೆ ಇಪ್ಪತ್ತೊಂದು ದಿನದ ಲೆಕ್ಕವಿಲ್ಲ, ಹಿಂದೆ ಮುಂದೆ ಆಗುತ್ತದೆ ಎಂದು ಅನಂತರಾಜು ಧೈರ್ಯ ಹೇಳಿದರು. ಮೂರನೆಯ ಸೋಮವಾರ ಹ್ಯಾಚರಿಯಲ್ಲಿ ಮಿಷಿನ್ ಸರ್ವಿಸ್ ಎಂದು ರಜೆ ಕೊಟ್ಟರು. ಬೆಳಿಗ್ಗೆ ಎಂಟಕ್ಕೆ ನಾನು ಮರಿ ನೋಡಲು ಹೋದೆ. ಮಾದೇವಣ್ಣ ಗಾಜಿನ ಮುಂದೆ, ಕೈ ಬೆನ್ನ ಹಿಂದೆ.

ದೇವರ ಮನೆಯಿಂದ ಸರ್ವಮಂಗಳಮ್ಮ ಬಂದರು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಒಂದು ಕೈಯಲ್ಲಿ ವಿಭೂತಿಯ ಬಟ್ಟಲು.

“ವಸಿ ಸರ್ಕೊಳಪ್ಪ. ಹೋದ್ ಎರಡ್ ವಾರ ಮರಿ ಗಲಾಟೇಲಿ ಪೂಜೆ ಆಗ್ಲಿಲ್ಲ.”

ಮಗ ಏಕೆ ಏನು ಎನ್ನುವಷ್ಟರಲ್ಲಿ ಅವರು ಮಣೆಯ ಮೇಲೆ ಕೂತು, ಮುಚ್ಚಳ ತೆಗೆದು, ಒಂದು ಮೊಟ್ಟೆಯನ್ನು ಎಡಗೈಗೆ ಎತ್ತಿಕೊಂಡರು. ಒದ್ದೆ ಬಟ್ಟೆಯಿಂದ ಹಳೆಯ ವಿಭೂತಿಯನ್ನು ನಯವಾಗಿ ಒರೆಸಿದರು. ಅಂಗೈಯಲ್ಲಿ ಉರುಳಿಸಿ ಸುತ್ತಲೂ ಒರೆಸಿದರು. ಬೆಳ್ಳಗಾದ ಮೊಟ್ಟೆಗೆ ತಲೆ ಯಾವುದು ಬುಡ ಯಾವುದು? ಕಂಡ ಕಡೆ ಹೊಸದಾಗಿ ಮೂರು ಗೆರೆ ಎಳೆದು, ಗೆರೆ ಮೇಲೆ ಕಾಣುವ ಹಾಗೆ ಪುಡಿಯಲ್ಲಿ ಕೂರಿಸಿ, ಇನ್ನೊಂದನ್ನು ಎತ್ತಿಕೊಂಡರು. ತುಟಿಯಲ್ಲಿ ಪಂಚಾಕ್ಷರಿ.

ಕೂಗಬೇಕೆಂದು ಬಾಯಿ ತೆರೆದೆ. ಮಾದೇವಣ್ಣ ನನ್ನ ಮಣಿಕಟ್ಟು ಹಿಡಿದು ಅದುಮಿದರು. ತಾಯಿ ಹನ್ನೆರಡೂ ಮುಗಿಸುವ ತನಕ ಬಿಡಲಿಲ್ಲ.

“ಯಾವಾಗಿಂದ ಮಾಡ್ತಿದ್ದೀಯ ಅವ್ವ ಇದ್ನ?”

“ಕಾರ್ತಿಕ ಸೋಮವಾರದಿಂದ್ಲೂ ಮಾಡ್ತೀನಲ್ಲ. ನೀನು ಡ್ಯೂಟಿಗೆ ಹೋಗಿರ್ತೀಯ. ವಾರ ತುಂಬೋ ಹೊತ್ಗೆ ಮಾಸಕ್ಕೆ ಶುರುವಾಗ್ತವೆ ಕಣಪ್ಪ, ಒಳ್ಗೆ ಬೆವರ್ತದಲ್ಲ. ಗುರ್ತು ಯಾವಾಗ್ಲೂ ಮೇಲೇ ಕಾಣ್ಬೇಕು ಅಂತ ನೀನೇ ಹೇಳಿದ್ಯಲ್ಲ. ಈ ಎರಡ್ ವಾರ ಬಿಟ್ರೆ ಒಂದ್ ಸೋಮವಾರ ತಪ್ಸಿಲ್ಲ ನಾನು.”

“ಆ ಒಡ್ದಿದ್ದಕ್ಕೆ?”

“ಅದನ್ನ ಮುಟ್ಲೇ ಇಲ್ಲ. ಭಿನ್ನ ಆಗಿರೋದಕ್ಕೆ ಪೂಜೆ ಸಲ್ಲಲ್ಲ.” ಮೊಣಕಾಲು ಹಿಡಿದುಕೊಂಡು ಏಳುತ್ತಾ ಮಗನ ಮುಖ ನೋಡಿದರು. “ಇವೂ ಬರ್ತವೆ, ಅಲ್ವೇನೋ?”

ಬೇರೆ ಯಾರಾದರೂ ಆಗಿದ್ದರೆ ಆ ಡಬ್ಬವನ್ನು ಗೋಡೆಗೆ ಒಗೆಯುತ್ತಿದ್ದರು. ನಾನಾಗಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗಾಡಿರುತ್ತಿದ್ದೆ, ಆಮೇಲೆ ಸಾಯುವ ತನಕ ಕೊರಗುತ್ತಿದ್ದೆ. ಮಾದೇವಣ್ಣ ಬಗ್ಗಿ ಡಬ್ಬದ ಮುಚ್ಚಳ ಹಾಕಿದರು.

“ನೋಡಾಣ ಅವ್ವ,” ಎಂದರು.

ಮಧ್ಯಾಹ್ನ ತಾಯಿ ಮಲಗಿದ್ದಾಗ ಹಿತ್ತಲಿಗೆ ಡಬ್ಬ ತಂದು ಒಂದೊಂದನ್ನೇ ಟಾರ್ಚಿಗೆ ಹಿಡಿದು ನೋಡಿದರು. ಮೂವತ್ತು ವರ್ಷದ ಹತ್ತಿರ ಮಾಡಿದ ಕೆಲಸ, ಕಣ್ಣು ತಪ್ಪುವುದಿಲ್ಲ. ಹನ್ನೆರಡರಲ್ಲೂ ಬಹಳ ಹಿಂದೆಯೇ, ಶುರುವಿನಲ್ಲೇ, ಎಲ್ಲ ನಿಂತುಹೋಗಿತ್ತು. ಹದಿಮೂರರಲ್ಲಿ ಒಂದು. ನಮ್ಮ ಹ್ಯಾಚರಿಯಲ್ಲಿ ಇಂಥ ಹ್ಯಾಚ್ ಬಂದರೆ ಸೂಪರ್‌ವೈಸರ್ ಕೆಲಸ ಬಿಟ್ಟು ಮನೆಗೆ ಹೋಗಬೇಕು. ಉಳಿದದ್ದು ನಾನು ಬೇರೆ ಇಡಲು ಹೋಗಿದ್ದ ಮೊಟ್ಟೆ, ಸರ್ವಮಂಗಳಮ್ಮ ಪೂಜೆಗೆ ಬಾರದು ಎಂದು ಬಿಟ್ಟಿದ್ದ ಮೊಟ್ಟೆ.

“ಅಮ್ಮಂಗೆ ಹೇಳ್ತೀರಾ?” ಎಂದೆ.

“ಎಂಬತ್ಮೂರು ವರ್ಷ ಕಣಯ್ಯ ಅವ್ಳಿಗೆ. ಇನ್ನೆಷ್ಟು ಸೋಮವಾರ ಅದಾವು?”

ಕಲ್ಲಮ್ಮನ ಪಕ್ಕದಲ್ಲಿ ಹನ್ನೆರಡನ್ನೂ ಸಾಲಾಗಿ ಇಟ್ಟು ಮಣ್ಣು ಮುಚ್ಚಿದರು. ಹಾಗೆ ಇಡುವಾಗಲೂ ವಿಭೂತಿ ಮೇಲೆ ಬರುವ ಹಾಗೆಯೇ ಇಟ್ಟರು. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಸಂಜೆ ಸರ್ವಮಂಗಳಮ್ಮ ಎದ್ದು ಬಂದು, ಡಬ್ಬ ಖಾಲಿ ನೋಡಿ ನಿಂತರು. ಮರಿ ಮಾತ್ರ ಮೂಲೆಯಲ್ಲಿ ನುಗ್ಗೆ ಎಲೆ ಕಚ್ಚುತ್ತಿತ್ತು. ಮಾದೇವಣ್ಣ ಮೆಟ್ಟಿಲ ಮೇಲೆ ಕೂತಿದ್ದರು, ಟೀ ಆರುತ್ತಿತ್ತು.

“ಹೋಯ್ತವ್ವ ಎಲ್ಲಾ. ನನ್ ಕೈಯೇ. ಯಾವಾಗ್ಲೋ ನನಗ್ಗೊತ್ತಿಲ್ದಂಗೆ ತಿರುಗ್ಸಿಬಿಟ್ಟಿದೀನಿ.”

ಆ ತಾಯಿ ಬೈದರು. ಚೆನ್ನಾಗಿ ಬೈದರು. ಮೂರು ತಿಂಗಳ ಪೂಜೆ ನೀರಲ್ಲಿ ಹೋಮ ಮಾಡಿದೆಯಲ್ಲೋ, ಆ ಕಣ್ಣು ಬಿಡದ ಜೀವಗಳು ನಿನಗೇನು ಮಾಡಿದ್ದವೋ ಎಂದು ಕಣ್ಣೀರು ಹಾಕಿದರು. ನನಗೆ ತಡೆಯದಷ್ಟು ಸಿಟ್ಟು ಬಂತು. ಸತ್ಯ ನಾಲಿಗೆಯ ತುದಿಯವರೆಗೂ ಬಂತು. ಮಾದೇವಣ್ಣ ನನ್ನನ್ನು ನೋಡಲೇ ಇಲ್ಲ, ಆದರೂ ನಾನು ಬಾಯಿ ಬಿಡಲಿಲ್ಲ.

ಬೈದು ಸುಸ್ತಾದ ಮೇಲೆ ಆಕೆ ಮಗನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡರು.

“ಕೋಳಿ ಮೊಟ್ಟೆ ತಿರುಗ್ಸಿ ತಿರುಗ್ಸಿ ನಿನ್ ಕೈ ಕೆಟ್ಟೋಗಿದೆ ಕಣೋ. ನೀನು ಮುಟ್ಬಾರ್ದು ಅಂತ ನಂಗೆ ಒಂದ್ ಮಾತ್ ಹೇಳಿದ್ರೆ ಹಗ್ಲೂ ರಾತ್ರಿ ಕಾಯ್ತಿರ್ಲಿಲ್ವಾ? ನಾನಿದ್ದೂ ಹಿಂಗಾಯ್ತಲ್ಲ.”

“ಹೂಂ ಕಣವ್ವ. ಹೇಳ್ಬೇಕಾಗಿತ್ತು.”

“ತಾ ಇಲ್ಲಿ ಆ ಕೈಯ.”

ಎದ್ದು ಒಳಗೆ ಹೋಗಿ ವಿಭೂತಿಯ ಬಟ್ಟಲು ತಂದರು. ಇನ್ನು ಮೇಲಾದರೂ ಸುಮ್ಮನಿರಲಿ ಎಂದು ಗೊಣಗುತ್ತಾ ಮೂರು ಬೆರಳು ಅದ್ದಿದರು. ಮಾದೇವಣ್ಣ ಬಲಗೈ ಮುಂದೆ ಚಾಚಿದರು. ಆಕೆ ಆ ಕೈಯನ್ನು ತಮ್ಮ ಅಂಗೈಯಲ್ಲಿ ಎತ್ತಿಕೊಂಡು, ಬೆಳಿಗ್ಗೆ ಮೊಟ್ಟೆಗಳನ್ನು ಒರೆಸಿದಷ್ಟೇ ನಯವಾಗಿ ಸೆರಗಿನಿಂದ ಒರೆಸಿ, ಅತ್ತ ಇತ್ತ ಹೊರಳಿಸಿ ನೋಡಿ, ಮೂರು ಗೆರೆ ಎಳೆದರು.